ಬ್ಯಾಟ್‌ಮ್ಯಾನ್ ಸೀರೀಸನ್ನು ಮಕ್ಕಳ ಪಟ್ಟಿಗೆ ಯಾಕೆ ಸೇರಿಸಿದ್ರಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಪುರವಣಿಯಲ್ಲಿ ರಜೆಗೆ ಮಕ್ಕಳಿಗೆ ತೋರಿಸಬಹುದಾದ ಕಾರ್ಟೂನುಗಳು ಅಂತ ಒಂದು ಪಟ್ಟಿ ಹಾಕಿದ್ದೀರಲ್ಲ, ಅದರಲ್ಲಿ ‘ಬ್ಯಾಟ್‌ಮ್ಯಾನ್: ಕೇಪ್ಡ್ ಕ್ರುಸೇಡರ್’ ಹೆಸರು ನೋಡಿ ನನಗೆ ಸುಮ್ಮನೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ. ಬರೆದವರು ಮೊದಲ ಎಪಿಸೋಡ್ ಆದ್ರೂ ನೋಡಿದ್ರೆ ಅದನ್ನು ಛೋಟಾ ಭೀಮ್ ಪಕ್ಕದಲ್ಲಿ ಇಡ್ತಿರ್ಲಿಲ್ಲ ಅಂತ ನನಗೆ ಖಂಡಿತ ಅನಿಸ್ತದೆ. ಆ ಮೊದಲ ಎಪಿಸೋಡಿನಲ್ಲಿ ಎಂತ ಉಂಟು ಹೇಳ್ತೇನೆ ಕೇಳಿ. ಊರಿನ ಬಂದರಿನಲ್ಲಿ ಒಂದು ಹಡಗು, ಮೇಲೆ ದೊಡ್ಡ ನೈಟ್ ಕ್ಲಬ್, ದೀಪ, ಹಾಡು, ದುಡ್ಡಿದ್ದವರ ಗೌಜಿ, ಆದ್ರೆ ಅದೇ ಹಡಗಿನಲ್ಲಿ ಫಿರಂಗಿ ಅಡಗಿಸಿ ಇಟ್ಟಿದ್ದಾರೆ, ಎದುರು ಗ್ಯಾಂಗಿನ ರೂಪರ್ಟ್ ಥಾರ್ನ್ ಅನ್ನುವವನ ಜಾಗಗಳನ್ನು ಒಂದೊಂದಾಗಿ ಉಡಾಯಿಸ್ತಾರೆ. ಹಡಗಿನ ಯಜಮಾನಿ ಓಸ್ವಾಲ್ಡಾ ಕಾಬಲ್‌ಪಾಟ್. ಅವಳಿಗೆ ಮನೆಯವರೇ ಯಾರೋ ತನ್ನ ಗುಟ್ಟು ಹೊರಗೆ ಬಿಡ್ತಿದ್ದಾರೆ ಅಂತ ಸಂಶಯ ಬರ್ತದೆ, ಆ ಸಂಶಯದಲ್ಲಿ ಹೆತ್ತ ಮಗನನ್ನೇ ತಾನೇ ಕೊಲ್ತಾಳೆ. ಇದು ಆರು ವರ್ಷದ ಮಗು ಊಟ ಮಾಡ್ತಾ ನೋಡುವ ಸೀನಾ ಸಾರ್?

ನೀವು ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಇಲ್ಲಿ ನಮ್ಮ ಸಂತೆಕಟ್ಟೆ, ಕಲ್ಯಾಣಪುರ ಕಡೆಯಲ್ಲಿ ಎಷ್ಟೋ ಮನೆಯಲ್ಲಿ ಈಗ ಅಜ್ಜಿಯರೇ ಮಕ್ಕಳನ್ನು ನೋಡ್ಕೊಳ್ಳುವುದು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಪೇಪರಿನಲ್ಲಿ ಒಳ್ಳೇದು ಅಂತ ಬರೆದದ್ದು ಕಂಡ್ರೆ ಅಜ್ಜಿ ಮಗುವಿನ ಕೈಗೆ ರಿಮೋಟ್ ಕೊಟ್ಟು ಅಡುಗೆ ಮನೆಗೆ ಹೋಗ್ತಾಳೆ, ಪೇಪರಿನ ಮಾತಿಗೆ ನಮ್ಮ ಕಡೆ ಇನ್ನೂ ಅಷ್ಟು ಬೆಲೆ ಉಂಟು. 2021ರಲ್ಲಿ ಕೇಂದ್ರ ಸರ್ಕಾರ ಓಟಿಟಿಗಳಿಗೆ ರೂಲ್ಸ್ ತಂದು ಯಾವುದೇ ಸಿನಿಮಾ, ಸೀರೀಸ್ ಇದ್ರೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ವಯಸ್ಸಿನ ಗುರುತು ಹಾಕ್ಲೇಬೇಕು ಅಂತ ಮಾಡಿದೆ, 13ರ ಗುರುತು ಮತ್ತು ಅದಕ್ಕೆ ಮೇಲಿನದ್ದಕ್ಕೆ ಲಾಕ್ ಮಾಡುವ ವ್ಯವಸ್ಥೆಯೂ ಕೊಡಬೇಕು ಅಂತ ಉಂಟು. ಕಾರ್ಟೂನಿಗೆ ಅದರಲ್ಲಿ ವಿನಾಯಿತಿ ಏನೂ ಇಲ್ಲ. ಚಿತ್ರ ಬಿಡಿಸಿ ಮಾಡಿದ್ದು ಅಂತ ಕೊಲೆ ಕೊಲೆ ಅಲ್ಲ ಅಂತ ಆಗ್ತದಾ? ಹಾಗಾಗಿ ಮುಂದೆ ಇಂಥ ಪಟ್ಟಿ ಹಾಕುವಾಗ ಆ ಗುರುತನ್ನು ಹೆಸರಿನ ಪಕ್ಕದಲ್ಲಿ ಪ್ರಿಂಟ್ ಮಾಡಿ. ಈ ಸಲದ್ದಕ್ಕೆ ಒಂದು ತಿದ್ದುಪಡಿ ಹಾಕಿ, ನಾಲ್ಕು ಗೆರೆ ಸಾಕು.

ಆದ್ರೆ ನಾನು ಪತ್ರ ಬರೆದದ್ದು ಅಷ್ಟಕ್ಕೇ ಅಲ್ಲ. ಮಕ್ಕಳಿಗೆ ಬೇಡ ಅಂದ ಕೂಡಲೇ ಹಾಗಾದ್ರೆ ಯಾರಿಗೂ ಬೇಡ ಅಂತ ಅದನ್ನು ಬಿಟ್ಟೇ ಬಿಡ್ತೀರಿ ಅಂತ ನನಗೆ ಹೆದರಿಕೆ. ಇದು ದೊಡ್ಡವರು ಕೂತು ನೋಡಬೇಕಾದ, ನೋಡಿ ಮಾತಾಡಬೇಕಾದ ಕೆಲಸ, ಮತ್ತೆ ನಮ್ಮ ಕರಾವಳಿಯವರು ಮಾತಾಡಿದ ಹಾಗೆ ಇದರ ಬಗ್ಗೆ ಬೇರೆ ಯಾರೂ ಮಾತಾಡ್ಲಿಕ್ಕೆ ಸಾಧ್ಯ ಇಲ್ಲ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ನಿಮಗೆ ಬೇಕಾದ್ರೆ ಕತ್ತರಿ ಹಾಕಿ.

ಮೊದಲು ಗೊತ್ತಿಲ್ಲದವರಿಗೆ ಒಂದಿಷ್ಟು. ಬ್ಯಾಟ್‌ಮ್ಯಾನ್ ಮೊದಲು ಬಂದದ್ದು 1939ರಲ್ಲಿ, ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ. ಮಾಡಿದವರು ಬಾಬ್ ಕೇನ್ ಮತ್ತೆ ಬಿಲ್ ಫಿಂಗರ್. ಆದ್ರೆ ಹೆಸರು ಬಂದದ್ದು ಕೇನ್‌ದ್ದು ಮಾತ್ರ, ಕಥೆ ಬರೆದ ಫಿಂಗರ್ 1974ರಲ್ಲಿ ತೀರಿಕೊಂಡ್ರು, ಅವರ ಹೆಸರನ್ನೂ ಕ್ರೆಡಿಟ್ಟಿನಲ್ಲಿ ಹಾಕ್ತೇವೆ ಅಂತ ಕಂಪನಿ ಒಪ್ಪಿದ್ದು 2015ರಲ್ಲಿ. ಇದನ್ನು ಓದಿದಾಗೆಲ್ಲ ನನಗೆ ಬೇಜಾರು ಆಗ್ತದೆ. ಶುರುವಿನ ಆ ಕಥೆಗಳು ಕತ್ತಲೆಯ ಕಥೆಗಳು, ಕೊಲೆ, ದುಡ್ಡಿದ್ದವರ ಮೋಸ, ರಾತ್ರಿ ಕಿಟಕಿಯಿಂದ ಒಳಗೆ ಬರುವ ನೆರಳು. ಅದು ಮಕ್ಕಳ ಆಟಿಕೆ ಆದದ್ದು ಆಮೇಲೆ. 1954ರಲ್ಲಿ ಅಮೆರಿಕದಲ್ಲಿ ಕಾಮಿಕ್ಸ್ ಮಕ್ಕಳನ್ನು ಹಾಳು ಮಾಡ್ತದೆ ಅಂತ ದೊಡ್ಡ ಗಲಾಟೆ ಆಗಿ, ಕಂಪನಿಗಳೇ ಸೇರಿ ಕಾಮಿಕ್ಸ್ ಕೋಡ್ ಅಂತ ಮಾಡಿಕೊಂಡ್ರು, ಕಥೆಯಿಂದ ಖಾರ ಎಲ್ಲ ತೆಗೆದ್ರು. 1966ರಲ್ಲಿ ಟಿವಿಯಲ್ಲಿ ಬಂದ ಬ್ಯಾಟ್‌ಮ್ಯಾನ್ ಅಂತೂ ಪೂರ್ತಿ ತಮಾಷೆ. ಅಲ್ಲಿಂದ ಸೂಪರ್‌ಹೀರೋ ಅಂದ್ರೆ ಸಣ್ಣವರದ್ದು ಅಂತ ಜನರ ತಲೆಯಲ್ಲಿ ಕೂತದ್ದು ಇನ್ನೂ ಪೂರ್ತಿ ಹೋಗ್ಲಿಲ್ಲ. ನಿಮ್ಮ ಪುರವಣಿಯ ಪಟ್ಟಿ ಅದರದ್ದೇ ಮುಂದುವರಿಕೆ.

1992ರಲ್ಲಿ ಬ್ರೂಸ್ ಟಿಮ್ ಮತ್ತೆ ಎರಿಕ್ ರಾಡೊಮ್‌ಸ್ಕಿ ಸೇರಿ ಒಂದು ಆನಿಮೇಶನ್ ಸೀರೀಸ್ ಮಾಡಿದ್ರು, ನಮ್ಮ ವಯಸ್ಸಿನವರು ಕೇಬಲ್ ಕಾಲದಲ್ಲಿ ನೋಡಿದ್ದು ಅದನ್ನೇ. ನಾನು ಡಿಟಿಪಿ ಕೆಲಸದವನು, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಫ್ಲೆಕ್ಸ್ ಅಂತ ದಿನಾ ಬಣ್ಣದ ಜೊತೆಯೇ ಇರುವವನು, ಹಾಗಾಗಿ ಅದರ ಒಂದು ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. ಸಾಮಾನ್ಯವಾಗಿ ಬಿಳಿ ಕಾಗದದ ಮೇಲೆ ಬಣ್ಣ ಹಾಕುವುದು ಅಲ್ವಾ, ರಾಡೊಮ್‌ಸ್ಕಿ ಅದರ ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೆ ಮಾಡಿಸಿದ್ರು. ಅಂದ್ರೆ ಕತ್ತಲೆಯನ್ನು ಬಿಡಿಸ್ಲಿಕ್ಕೇ ಇಲ್ಲ, ಅದು ಮೊದಲೇ ಉಂಟು, ಎಲ್ಲಿ ಬೆಳಕು ಬೇಕೋ ಅಲ್ಲಿ ಮಾತ್ರ ಬಣ್ಣ. ಕಟ್ಟಡದ ಅಂಚು, ಕಿಟಕಿ, ಬೀದಿ ದೀಪ ಇಷ್ಟೇ ಮೇಲೆ ಎದ್ದು ಬರ್ತದೆ. ಎಷ್ಟು ಧೈರ್ಯ ಬೇಕು ನೋಡಿ, ಮಕ್ಕಳ ಚಾನೆಲಿಗೆ ಅಂತ ಮಾಡುವ ಸೀರೀಸಿಗೆ ಕಪ್ಪು ಕಾಗದ!

ಅದೇ ಬ್ರೂಸ್ ಟಿಮ್ ಮೂವತ್ತು ವರ್ಷದ ಮೇಲೆ ವಾಪಸ್ ಬಂದು ಮಾಡಿದ್ದು ಈ ಕೇಪ್ಡ್ ಕ್ರುಸೇಡರ್. ಜೊತೆಗೆ ಹಾಲಿವುಡ್ ನಿರ್ದೇಶಕರಾದ ಜೆ. ಜೆ. ಏಬ್ರಮ್ಸ್, ಮ್ಯಾಟ್ ರೀವ್ಸ್, ಬರೆಯುವವರ ತಂಡದಲ್ಲಿ ಕ್ರೈಮ್ ಕಾಮಿಕ್ಸಿಗೆ ಹೆಸರಾದ ಎಡ್ ಬ್ರುಬೇಕರ್. 2021ರಲ್ಲಿ ಎಚ್‌ಬಿಓ ಮ್ಯಾಕ್ಸ್ ಅನ್ನುವ ಓಟಿಟಿಗೆ ಅಂತ ಘೋಷಣೆ ಆಯ್ತು, 2022ರಲ್ಲಿ ಅವರು ಕೈ ಬಿಟ್ರು, ಮರು ವರ್ಷ ಅಮೆಜಾನ್ ಒಟ್ಟಿಗೇ ಎರಡು ಸೀಸನ್ನಿಗೆ ಆರ್ಡರ್ ಕೊಟ್ಟು ತಗೊಂಡಿತು, 2024ರ ಆಗಸ್ಟ್ 1ಕ್ಕೆ ಮೊದಲ ಸೀಸನ್ನಿನ 10 ಎಪಿಸೋಡ್ ಒಟ್ಟಿಗೆ ಬಂತು. ಕಥೆ ನಡೆಯುವುದು 1940ರ ದಶಕದ ಗೋಥಮ್ ಸಿಟಿಯಲ್ಲಿ. ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ, ಉದ್ದ ಕೋಟು, ಟೊಪ್ಪಿ, ಟೈಪ್‌ರೈಟರ್, ವಯರಿನ ಫೋನು. ಬ್ಯಾಟ್‌ಮ್ಯಾನಿನ ಕಿವಿ ಕೂಡ ಹಳೇ ಕಾಮಿಕ್ಸಿನ ಹಾಗೆ ಉದ್ದ ಉದ್ದ. ಅವನು ಕೆಲಸ ಶುರು ಮಾಡಿ ಹೆಚ್ಚು ಸಮಯ ಆಗ್ಲಿಲ್ಲ, ಪೊಲೀಸರಿಗೆ ಅವನ ಮೇಲೆ ನಂಬಿಕೆ ಇಲ್ಲ, ಮೇಯರು ಅವನನ್ನು ಹಿಡೀಲಿಕ್ಕೆ ಅಂತಲೇ ತಂಡ ಮಾಡ್ತಾನೆ.

ಈಗ ಜನರ ತಕರಾರಿನ ವಿಷಯಕ್ಕೆ ಬರ್ತೇನೆ. ಕಾಮಿಕ್ಸಿನಲ್ಲಿ ಪೆಂಗ್ವಿನ್ ಅನ್ನುವ ಖಳ ಗಂಡಸು, ಇವರು ಅವನನ್ನು ಹೆಂಗಸು ಮಾಡಿದ್ದಾರೆ, ಮೊದಲ ಎಪಿಸೋಡಿನ ಓಸ್ವಾಲ್ಡಾ ಅವಳೇ. ಪೊಲೀಸ್ ಕಮಿಷನರ್ ಗೋರ್ಡನ್ ಮತ್ತೆ ಅವನ ಮಗಳು ಬಾರ್ಬರಾ ಕಪ್ಪು ಜನ ಆಗಿದ್ದಾರೆ. ಹಾರ್ಲಿ ಕ್ವಿನ್ ಅಂದ್ರೆ ಬ್ಯಾಟ್‌ಮ್ಯಾನಿನ ದೊಡ್ಡ ಶತ್ರು ಜೋಕರಿನ ಹಿಂದೆ ಹೋಗುವ ಹುಡುಗಿ, ಇಲ್ಲಿ ಜೋಕರಿನ ಸುದ್ದಿಯೇ ಇಲ್ಲದೆ ಅವಳು ಸ್ವಂತ ಪ್ರಾಕ್ಟೀಸ್ ಇರುವ ಮನಸ್ಸಿನ ಡಾಕ್ಟರ್. ನನ್ನ ಅಕ್ಕನ ಮಗ ಪಿಯುಸಿ ಓದುವವನು, ಬ್ಯಾಟ್‌ಮ್ಯಾನ್ ಅಂದ್ರೆ ಜೀವ, ಅವನೇ ಸಿಟ್ಟು ಮಾಡಿಕೊಂಡ. “ಮಾಮ, ಇವರು ಇದ್ದದ್ದನ್ನೆಲ್ಲ ತಿರುಚಿ ಇಟ್ಟಿದ್ದಾರೆ, ಇದು ಬ್ಯಾಟ್‌ಮ್ಯಾನೇ ಅಲ್ಲ” ಅಂತ ಹೇಳಿದ.

ನಾನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ. ನೀನು ಹುಟ್ಟಿದ ಊರಿನಲ್ಲಿ ಪತ್ತನಾಜೆ ಬರುವವರೆಗೆ, ಅಂದ್ರೆ ಮಳೆಗಾಲಕ್ಕೆ ಮೊದಲು ಮೇಳಗಳು ತಿರುಗಾಟ ನಿಲ್ಲಿಸುವ ದಿನದವರೆಗೆ, ಒಂದಲ್ಲ ಒಂದು ಕಡೆ ಯಕ್ಷಗಾನದ ಆಟ ಇರ್ತದೆ ಮಾರಾಯ. ಕಥೆ ಯಾವುದು? ಎಲ್ಲರಿಗೂ ಗೊತ್ತಿರುವ ಕಥೆ. ವಾಲಿ ಸಾಯ್ತಾನೆ, ಕರ್ಣ ಸಾಯ್ತಾನೆ, ಅಭಿಮನ್ಯು ಒಳಗೆ ಹೋದವ ಹೊರಗೆ ಬರುವುದಿಲ್ಲ, ಇದು ಗೊತ್ತಿಲ್ಲದವರು ಯಾರೂ ಆಟಕ್ಕೆ ಬಂದು ಕೂತ್ಕೊಳ್ಳುವುದಿಲ್ಲ. ಮತ್ತೆ ಯಾಕೆ ಹೋಗ್ತಾರೆ? ಪದ್ಯಕ್ಕೆ ಮಾತು ಹೇಳುವ ಇವತ್ತಿನ ಅರ್ಥಧಾರಿ ಎಂತ ಹೇಳ್ತಾನೆ ಅಂತ ಕೇಳ್ಲಿಕ್ಕೆ. ಪದ್ಯ ಭಾಗವತರದ್ದು, ಅದು ಬರೆದದ್ದೇ, ಆದ್ರೆ ಅರ್ಥ ಆ ರಾತ್ರಿ ಆ ಕಲಾವಿದನ ಬಾಯಲ್ಲಿ ಹುಟ್ಟುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಕೇಳಿದವರು ಅವರು ತೀರಿಕೊಂಡು ಇಷ್ಟು ವರ್ಷ ಆದ್ರೂ ಇವತ್ತಿಗೂ ಅದನ್ನು ಹೇಳ್ತಾ ಕೂತ್ಕೊಳ್ತಾರೆ. ಸೋಲುವವನ ಪಕ್ಷದಲ್ಲಿ ನಿಂತು, ಅವನ ನ್ಯಾಯ ಎಂತದ್ದು ಅಂತ ಸಭೆಗೆ ಅನಿಸುವ ಹಾಗೆ ಮಾತಾಡಿ, ಕೊನೆಗೆ ಕಥೆ ಹೇಳಿದ ಹಾಗೆ ಸೋಲುವುದು. ಅದಕ್ಕೆ ಯಾರಾದ್ರೂ ರಾಮಾಯಣವನ್ನೇ ತಿರುಚಿದ್ರು ಅಂದ್ರಾ? ನಾಲ್ಕು ಜನ ಅಂದಿರಬಹುದು, ಉಳಿದವರು ಎದ್ದು ಹೋಗದೆ ಬೆಳಗಿನವರೆಗೆ ಕೂತಿದ್ರು. ಅರ್ಥದ ಮಾತು ಹಾಗಿರ್ಲಿ, ರೂಪವನ್ನೇ ಬದಲಾಯಿಸಿದವರೂ ನಮ್ಮಲ್ಲಿದ್ದಾರೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದು, ಮಾತು ತೆಗೆದು ಬ್ಯಾಲೆ ಮಾಡಿದ್ರು, ಅದು ಸರಿಯಾ ತಪ್ಪಾ ಅಂತ ಉಡುಪಿಯವರು ಇವತ್ತಿಗೂ ಜಗಳ ಮಾಡಬಲ್ಲರು, ಆದ್ರೆ ಜಗಳ ಮಾಡ್ಲಿಕ್ಕೆ ಮೊದಲು ನೋಡಿದ್ರು. ವಿಷಯ ಇರುವುದು ಅಲ್ಲಿಯೇ. ಬದಲಾಯಿಸಿದ್ರಾ ಇಲ್ವಾ ಅಂತ ಅಲ್ಲ, ಬದಲಾಯಿಸಿದ್ದರಿಂದ ಪಾತ್ರಕ್ಕೆ ಬಲ ಬಂತಾ ಇಲ್ವಾ ಅಂತ ಕೇಳಬೇಕು.

ಆ ಲೆಕ್ಕದಲ್ಲಿ ಹಾರ್ಲಿಯದ್ದು ಈ ಸೀಸನ್ನಿನಲ್ಲೇ ಒಳ್ಳೆಯ ಬದಲಾವಣೆ ಅಂತ ನಾನು ಹೇಳ್ತೇನೆ. ಅವಳನ್ನು ಹುಟ್ಟಿಸಿದ್ದೇ ಆ 1992ರ ಸೀರೀಸ್, ಅದಕ್ಕೆ ಮೊದಲು ಕಾಮಿಕ್ಸಿನಲ್ಲಿ ಅವಳು ಇರ್ಲೇ ಇಲ್ಲ. ಆಗ ಅವಳು ಜೋಕರಿನ ಜೊತೆಗಾತಿ, ಅವನು ಹೊಡೆದ್ರೂ ಬೈದ್ರೂ ಅವನ ಹಿಂದೆಯೇ. ಈಗ ಅದೇ ಟಿಮ್ ತಾನು ಮಾಡಿದ ಪಾತ್ರವನ್ನೇ ತಿರುಗಿಸಿ ಕೂರಿಸಿದ್ದಾರೆ. ಹಗಲು ಡಾಕ್ಟರ್ ಕ್ವಿನ್ಜೆಲ್ ನಗ್ತಾ ಮಾತಾಡುವವಳು, ಯಾರಿಗೂ ಇಷ್ಟ ಆಗುವ ಹಾಗೆ, ರಾತ್ರಿ ವೇಷ ಹಾಕಿದ ಮೇಲೆ ಆ ನಗು ಪೂರ್ತಿ ಹೋಗ್ತದೆ, ಸ್ವರ ತಣ್ಣಗೆ ಆಗ್ತದೆ, ನೋಡುವವರಿಗೆ ಹೆದರಿಕೆ ಬರ್ತದೆ. ತನ್ನ ಹತ್ರ ಚಿಕಿತ್ಸೆಗೆ ಬರುವ ಸಿರಿವಂತರು ಹೇಳಿಕೊಂಡ ಗುಟ್ಟುಗಳು ಅವಳಿಗೆ ಗೊತ್ತುಂಟು, ಅವರು ಎಂಥ ಜನ ಅಂತ ಗೊತ್ತುಂಟು, ಅವರನ್ನೇ ಹಿಡಿದು ಕೂಡಿಹಾಕಿ ಅವರ ದುಡ್ಡು ದಾನ ಧರ್ಮಕ್ಕೆ ಹೋಗುವ ಹಾಗೆ ಮಾಡ್ತಾಳೆ. ಬ್ರೂಸ್ ವೇಯ್ನ್, ಅಂದ್ರೆ ಮುಸುಕಿಲ್ಲದ ಬ್ಯಾಟ್‌ಮ್ಯಾನ್, ಕೂಡ ಅವಳೆದುರು ಬಂದು ಕೂತ್ಕೊಳ್ತಾನೆ. ಇಬ್ಬರೂ ವೇಷದವರು, ಎದುರು ಬದುರು ಕುರ್ಚಿ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ, ಮಾತು ಮಾತ್ರ ನಡೀತದೆ. ಇದು ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ನಮ್ಮ ತಾಳಮದ್ದಳೆ ಅಲ್ದೆ ಮತ್ತೆಂತ? ಹೊಡೆದಾಟ ಆಮೇಲೆ ಬರ್ತದೆ, ಆದ್ರೆ ನನಗೆ ನೆನಪಿರುವುದು ಆ ಎರಡು ಕುರ್ಚಿ.

ಇನ್ನೊಂದು ಕ್ಲೇಫೇಸ್ ಅನ್ನುವ ಖಳನ ಎಪಿಸೋಡ್. ಬೇಸಿಲ್ ಕಾರ್ಲೋ ಅಂತ ಒಬ್ಬ ಸಿನಿಮಾ ನಟ, ಮುಖ ಒಂಥರಾ, ಅದಕ್ಕೆ ಯಾವತ್ತೂ ಖಳನ ಪಾರ್ಟೇ ಸಿಗುವುದು. ಹೀರೋ ಆಗಬೇಕು ಅಂತ ಆಸೆ, ಜೊತೆಗೆ ನಟಿಸುವವಳ ಮೇಲೆ ಮನಸ್ಸು, ಮುಖ ಬದಲಾಯಿಸುವ ಔಷಧಿ ಹಿಂದೆ ಹೋಗಿ ಕೊನೆಗೆ ಮುಖವೇ ಇಲ್ಲದವನಾಗ್ತಾನೆ. ಇದನ್ನು ನಾನು ನೋಡುವಾಗ ನನ್ನ ಅಮ್ಮ ಹಿಂದೆ ಹೂ ಕಟ್ತಾ ಕೂತಿದ್ಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಮಧ್ಯ ಮಧ್ಯ ನಾನು ಕಥೆ ಹೇಳ್ತಾ ಇದ್ದೆ, ಅವಳು ಸಣ್ಣದಿರುವಾಗಿನಿಂದ ಮಂದಾರ್ತಿ ಮೇಳದ ಆಟ ನೋಡಿ ಬೆಳೆದವಳು. ಕೊನೆಗೆ ಅವಳು ಹೂವಿನಿಂದ ತಲೆ ಎತ್ತಿ, “ಪಾಪ, ಇವನಿಗೆ ಒಂದು ಸಲ ರಾಜವೇಷ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ” ಅಂದ್ಳು. ನಾನು ಇಂಟರ್ನೆಟ್ಟಿನಲ್ಲಿ ಆ ಎಪಿಸೋಡಿನ ಬಗ್ಗೆ ಸುಮಾರು ಓದಿದ್ದೇನೆ, ಇಷ್ಟು ಸರಿಯಾದ ಮಾತು ಎಲ್ಲಿಯೂ ಸಿಗ್ಲಿಲ್ಲ. ಆಳು, ಸ್ವರ, ಮುಖ ನೋಡಿ ಇವನಿಗೆ ರಾಕ್ಷಸರ ಬಣ್ಣದ ವೇಷ, ಇವನಿಗೆ ಸ್ತ್ರೀವೇಷ, ಇವನಿಗೆ ಎಳೇ ವೀರರ ಪುಂಡು ವೇಷ ಅಂತ ಬಣ್ಣ ಹಚ್ಚುವ ಚೌಕಿಯಲ್ಲಿ ಹಂಚುವುದನ್ನು ಕಂಡವರಿಗೆ ಕಾರ್ಲೋನ ಸಂಕಟ ವಿವರಿಸಿ ಹೇಳಬೇಕಾ? ಕರಾವಳಿಯವರು ಮಾತಾಡಿದ ಹಾಗೆ ಬೇರೆಯವರು ಮಾತಾಡ್ಲಿಕ್ಕೆ ಆಗುವುದಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ. ಅಂಥ ಮಾತು ಮನೆಯೊಳಗೆ ಉಳೀತದೆ, ಪೇಪರಿಗೆ ಬರುವುದಿಲ್ಲ, ಯಾಕಂದ್ರೆ ಪೇಪರಿನಲ್ಲಿ ಅದಕ್ಕೆ ಜಾಗ ಇಲ್ಲ, ಇರುವ ಜಾಗ ಮಕ್ಕಳ ಪಟ್ಟಿ.

ಬ್ಯಾಟ್‌ಮ್ಯಾನ್ ಬಗ್ಗೆ ಹೇಳದೆ ಮುಗಿಸ್ಲಿಕ್ಕೆ ಆಗುವುದಿಲ್ಲ. ನಾಯಕನ ಎಳೇ ವಯಸ್ಸಿನ ಕಥೆ ಅಂದ್ರೆ ನಮಗೆ ನೆನಪಾಗುವುದು ಬಭ್ರುವಾಹನ, ಅಭಿಮನ್ಯು, ಕಂಸವಧೆಯ ಕೃಷ್ಣ, ಹಾರಾಟ, ಗಿರಕಿ, ಹುರುಪು. ಇವನು ಹಾಗಲ್ಲ. ಇವನು ಮಾತೇ ಆಡುವುದಿಲ್ಲ. ಮುಸುಕಿನೊಳಗೆ ಇರುವವನೇ ನಿಜವಾದವನು, ಪಾರ್ಟಿಗಳಲ್ಲಿ ನಗ್ತಾ ತಿರುಗುವ ಬ್ರೂಸ್ ವೇಯ್ನ್ ಅನ್ನುವವನು ಹಾಕಿಕೊಂಡ ವೇಷ. ಸಾಕಿ ಬೆಳೆಸಿದ ಆಲ್‌ಫ್ರೆಡ್‌ನನ್ನು ಕೂಡ ಅವನು ಮನೆ ಕೆಲಸದವನನ್ನು ಕರೆದ ಹಾಗೆ ಪೆನ್ನಿವರ್ತ್ ಅಂತಲೇ ಕರೆಯುವುದು. ಮೊದಮೊದಲು ನನಗೆ ಅದು ಒರಟು ಅನಿಸಿತು, ಇಷ್ಟು ಗಟ್ಟಿ ಮನಸ್ಸಿನವನನ್ನು ನಾವು ಯಾಕೆ ಇಷ್ಟಪಡಬೇಕು ಅಂತ. ಆಮೇಲೆ ಗೊತ್ತಾಗ್ತದೆ, ಅಪ್ಪ ಅಮ್ಮನನ್ನು ಕಣ್ಣೆದುರು ಕಳಕೊಂಡ ಹುಡುಗ ದೊಡ್ಡವನಾಗ್ಲೇ ಇಲ್ಲ, ದೊಡ್ಡ ದೇಹದ ಒಳಗೆ ಅಲ್ಲಿಯೇ ನಿಂತಿದ್ದಾನೆ, ಜನರ ಜೊತೆ ಹೇಗೆ ಇರಬೇಕು ಅಂತ ಅವನಿಗೆ ಯಾರೂ ಕಲಿಸ್ಲಿಲ್ಲ. ಹತ್ತು ಎಪಿಸೋಡಿನಲ್ಲಿ ಅವನು ಕಲಿಯುವುದು ಹೊಸ ಪಟ್ಟು ಅಲ್ಲ, ಎದುರಿನವನನ್ನು ಮನುಷ್ಯ ಅಂತ ನೋಡ್ಲಿಕ್ಕೆ. ಸ್ವರ ಕೊಟ್ಟವರು ಹೇಮಿಶ್ ಲಿಂಕ್ಲೇಟರ್. ಹಳೇ ಸೀರೀಸಿನ ಕೆವಿನ್ ಕಾನ್ರಾಯ್ 2022ರ ನವೆಂಬರಿನಲ್ಲಿ ತೀರಿಕೊಂಡ್ರು, ಆ ಸ್ವರ ಕೇಳಿದ ಕಿವಿಗೆ ಬೇರೆ ಯಾರದ್ದೂ ಹಿಡಿಸುವುದಿಲ್ಲ ಅಂತ ಅಂದುಕೊಂಡಿದ್ದೆ. ಲಿಂಕ್ಲೇಟರ್ ಅವರ ಹಾಗೆ ಮಾಡ್ಲಿಕ್ಕೆ ಹೋಗ್ಲಿಲ್ಲ, ತನ್ನದೇ ದಾರಿ ಹಿಡಿದ್ರು, ಮುಸುಕು ಇರುವಾಗ ಒಂದು, ಇಲ್ಲದಿರುವಾಗ ಇನ್ನೊಂದು, ಚೆನ್ನಾಗಿ ಉಂಟು.

ಬಾರ್ಬರಾ ಗೋರ್ಡನ್ ಇಲ್ಲಿ ವಕೀಲೆ, ಫೀಸು ಕೊಡ್ಲಿಕ್ಕೆ ಆಗದವರ ಪರವಾಗಿ ಸರ್ಕಾರದ ಕಡೆಯಿಂದ ವಾದ ಮಾಡುವವಳು. ಅಪ್ಪ ಪೊಲೀಸ್ ಕಮಿಷನರ್, ಅವನ ಪೊಲೀಸರು ಹಿಡಿದು ತಂದವರನ್ನು ಬಿಡಿಸುವುದು ಮಗಳ ಕೆಲಸ. ಊಟಕ್ಕೆ ಕೂತ್ರೆ ಇಬ್ಬರ ಮಧ್ಯೆ ಇಡೀ ಊರಿನ ಕಾನೂನು ಇರ್ತದೆ. ಮತ್ತೆ ಆ ಇಲಾಖೆಯ ಒಳಗೇ ಫ್ಲಾಸ್, ಬುಲಕ್ ಅಂತ ಇಬ್ಬರು ಡಿಟೆಕ್ಟಿವ್‌ಗಳು, ಲಂಚ ತಿನ್ನುವವರು, ಅವರೆದುರು ನ್ಯಾಯವಾಗಿ ಕೆಲಸ ಮಾಡುವ ರೆನೀ ಮೊಂಟೋಯಾ. ಹಾರ್ವಿ ಡೆಂಟ್ ಅನ್ನುವ ಸರ್ಕಾರಿ ವಕೀಲನಿಗೆ ಮೇಯರ್ ಆಗುವ ಆಸೆ, ಆ ಆಸೆಗೋಸ್ಕರ ಅವನು ಯಾರ ಯಾರ ಹತ್ರ ಕೈ ಚಾಚ್ತಾನೆ, ಕೊನೆಗೆ ಅವನ ಮುಖಕ್ಕೆ ಎಂತ ಆಗ್ತದೆ ಅನ್ನುವುದು ಕಾಮಿಕ್ಸ್ ಓದಿದವರಿಗೆ ಗೊತ್ತುಂಟು, ಆದ್ರೂ ಇಲ್ಲಿ ಕಡೆಯ ಎರಡು ಎಪಿಸೋಡ್ ಹೋಗುವ ದಾರಿ ಗೊತ್ತಿದ್ದವರಿಗೂ ಹೊಸತು, ಅದನ್ನು ನಾನು ಹೇಳುವುದಿಲ್ಲ, ನೋಡಿಯೇ ತಿಳ್ಕೊಳ್ಳಿ. ಇಲೆಕ್ಷನ್, ದುಡ್ಡು, ಪೊಲೀಸ್, ಕೋರ್ಟು, ಇದರಲ್ಲಿ ಮಕ್ಕಳಿಗೆ ಅರ್ಥ ಆಗುವಂಥದ್ದು ಎಷ್ಟು ಉಂಟು ನೀವೇ ಹೇಳಿ.

ಎಲ್ಲ ಚಂದವೇ ಅಂತ ನಾನು ಹೇಳ್ತಾ ಇಲ್ಲ. ಹಳೇ ದರೋಡೆಕೋರನ ಪ್ರೇತ ಬರುವ ಎಪಿಸೋಡ್ ಇಡೀ ಸೀಸನ್ನಿಗೆ ಹೊಂದುವುದಿಲ್ಲ, ಅಷ್ಟು ಹೊತ್ತು ಮಣ್ಣಿನ ಮೇಲೆ ನಡೀತಿದ್ದ ಕಥೆ ಇದ್ದಕ್ಕಿದ್ದ ಹಾಗೆ ಗಾಳಿಗೆ ಹೋಗ್ತದೆ. ಮಕ್ಕಳ ಶಕ್ತಿ ಹೀರುವ ನೊಕ್ಟರ್ನಾಳದ್ದು ನನಗೆ ಅರ್ಧ ಹಿಡಿಸಿತು, ಅರ್ಧ ಇಲ್ಲ. ಹೊಡೆದಾಟದ ಕಡೆ ಚಲನೆ ಕೆಲವು ಸಲ ಗಟ್ಟಿಯಾಗಿ ಕಾಣ್ತದೆ, ಹಳೇ ಸೀರೀಸಿನ ಒಳ್ಳೆಯ ಎಪಿಸೋಡುಗಳಲ್ಲಿ ಬಟ್ಟೆ ಹಾರುವುದೇ ಒಂದು ಕುಣಿತದ ಹಾಗೆ ಇರ್ತಿತ್ತು, ಅದು ಇಲ್ಲಿ ಸಿಗ್ಲಿಲ್ಲ. ಕ್ಯಾಟ್‌ವುಮನ್ ಬೇಗ ಬಂದು ಬೇಗ ಹೋಗ್ತಾಳೆ. ಆದ್ರೆ ಇಷ್ಟು ಹೇಳ್ಲಿಕ್ಕೆ ಕೂಡ ಸರಿಯಾಗಿ ನೋಡಬೇಕಾಗ್ತದೆ ಅಲ್ವಾ, ಮೂರು ಸ್ಟಾರ್, ನಾಲ್ಕು ಸ್ಟಾರ್ ಅಂತ ಹಾಕಿ ಬಿಡುವ ವಿಷಯ ಅಲ್ಲ ಇದು.

ಸಂಪಾದಕರೇ, ನಿಮ್ಮ ಪೇಪರು ಒಂದು ತಾಳಮದ್ದಳೆ ಕೂಟದ ಬಗ್ಗೆ ಅರ್ಧ ಪುಟ ಬರೀತದೆ, ಯಾರ ಪೀಠಿಕೆ ಉದ್ದ ಆಯ್ತು, ಎದುರು ವೇಷದವರು ಹೇಗೆ ತಡೆದ್ರು, ಭಾಗವತರು ಯಾವ ರಾಗ ಎತ್ತಿಕೊಂಡ್ರು ಅಂತ ಬಿಡಿಬಿಡಿಯಾಗಿ ಹಾಕ್ತೀರಿ. ಆ ಬರಹ ಓದಿಯೇ ನಾವು ಕಲೆ ನೋಡ್ಲಿಕ್ಕೆ ಕಲಿತದ್ದು, ನಾನು ಇದನ್ನು ಮನಸ್ಸಿನಿಂದ ಹೇಳ್ತೇನೆ. ಅಂಥ ಕಣ್ಣು ಆನಿಮೇಶನ್ ಮೇಲೆ ಯಾಕೆ ಬೀಳುವುದಿಲ್ಲ? 2025ರಲ್ಲಿ ನರಸಿಂಹಾವತಾರದ ಆನಿಮೇಶನ್ ಸಿನಿಮಾ ಕನ್ನಡದಲ್ಲೂ ಬಂದಾಗ ಮಂಗಳೂರು, ಉಡುಪಿ ಥಿಯೇಟರಿಗೆ ಅಜ್ಜ ಅಜ್ಜಿಯರೆಲ್ಲ ಹೋಗಿದ್ದಾರೆ, ಯಾರೂ ಕಾರ್ಟೂನ್ ಅಂತ ನಾಚಿಕೆ ಪಟ್ಟುಕೊಳ್ಲಿಲ್ಲ. ಜನ ಮುಂದೆ ಹೋಗಿ ಆಯ್ತು, ಪೇಪರು ಮಾತ್ರ ಹಿಂದೆ ಉಳಿದಿದೆ.

ಇದರಿಂದ ಊರಿಗೆ ಎಂತ ಉಪಯೋಗ ಅಂತ ಕೇಳಬಹುದು. ಉಂಟು. ಅನಿಮೇಶನ್, ಗೇಮಿಂಗ್‌ಗೆ ಅಂತ ದೇಶದಲ್ಲೇ ಮೊದಲು ಪಾಲಿಸಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ, ಈಗ 2024ರಿಂದ 29ರವರೆಗಿನ ಹೊಸ ಪಾಲಿಸಿ ನಡೀತಾ ಉಂಟು. ಮಂಗಳೂರಿನ ಕಾಲೇಜುಗಳಲ್ಲಿ ಆನಿಮೇಶನ್ ಕೋರ್ಸ್ ಮಾಡಿದ ಮಕ್ಕಳು ನನ್ನ ಅಂಗಡಿಗೇ ಬರ್ತಾರೆ, ಪ್ರಾಜೆಕ್ಟ್ ಪ್ರಿಂಟ್ ಹಾಕಿಸ್ಲಿಕ್ಕೆ. ಕೈ ಒಳ್ಳೇದುಂಟು, ಮುಖ, ಬೆರಳು, ಬೆಳಕು ಎಲ್ಲ ಚೆನ್ನಾಗಿ ಬಿಡಿಸ್ತಾರೆ. ಕೋರ್ಸ್ ಮುಗಿದ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬೇರೆಯವರ ಸಿನಿಮಾದ ಒಂದು ಚೂರು ಮಾಡ್ತಾರೆ. ತನ್ನ ಕಥೆ ಮಾಡಬೇಕು ಅಂತ ಒಬ್ಬ ಹುಡುಗಿ ಹೇಳಿದ್ಳು, ಉಳ್ಳಾಲದ ಅಬ್ಬಕ್ಕನ ಸಣ್ಣ ವಯಸ್ಸು, ಅಳಿಯಸಂತಾನದ ಮನೆ, ಮಾವ ತಿರುಮಲರಾಯ ಚೌಟ ಅವಳಿಗೆ ಯುದ್ಧ, ರಾಜ್ಯ ಎಲ್ಲ ಕಲಿಸುವುದು, ಪೋರ್ಚುಗೀಸರ ಹಡಗು ದೂರದಲ್ಲಿ ಕಾಣುವುದು, ಅಲ್ಲಿಗೆ ಮೊದಲ ಭಾಗ ಮುಗಿಯಬೇಕಂತೆ. ನಾನು ಕೇಳಿದೆ, ಯುದ್ಧ ಇಲ್ವಾ ಅಂತ. ಯುದ್ಧ ಎಲ್ಲರಿಗೂ ಗೊತ್ತುಂಟಲ್ಲ ಅಣ್ಣ, ಯುದ್ಧಕ್ಕೆ ಮೊದಲು ಅವಳು ಹೇಗಿದ್ಳು ಅಂತ ಯಾರಿಗೆ ಗೊತ್ತುಂಟು ಅಂದ್ಳು. ನೋಡಿ, 16ನೇ ಶತಮಾನದ ರಾಣಿಯ ಎಳವೆಯನ್ನು ಆ ಹುಡುಗಿ ಯೋಚಿಸಿದ ರೀತಿ! ಆದ್ರೆ ಮನೆಯಲ್ಲಿ ಕೇಳುವುದು ಎಂತ, ಕಾರ್ಟೂನ್ ಮಾಡ್ಲಿಕ್ಕೆ ಇಷ್ಟು ಫೀಸು ಕಟ್ಟಿದ್ದಾ ಅಂತ. ಆ ಅಪ್ಪನಿಗೆ ಬೇಜಾರು ಮಾಡುವುದಿಲ್ಲ ನಾನು, ಆನಿಮೇಶನ್ ಅಂದ್ರೆ ದೊಡ್ಡವರ ಕಲೆ ಅಂತ ಅವನು ಓದುವ ಪೇಪರು ಒಂದು ದಿನವೂ ಅವನಿಗೆ ಹೇಳ್ಲಿಲ್ಲ. ಎಂಬತ್ತೈದು ವರ್ಷ ಹಳೇ ಒಬ್ಬ ನಾಯಕನನ್ನು ಅಮೆರಿಕದವರು ಪುನಃ ಶುರುವಿಗೆ ತಗೊಂಡು ಹೋಗಿ, ಇಷ್ಟು ಜನ ಸೇರಿ, ಇಷ್ಟು ತಾಳ್ಮೆಯಿಂದ ಕೆಲಸ ಮಾಡಿದ್ದನ್ನು ಆ ಹುಡುಗಿಯ ಮನೆಯವರು ಕನ್ನಡದಲ್ಲಿ ಓದಿದ್ರೆ ಅವಳಿಗೆ ಎಷ್ಟು ಬಲ ಬರ್ತದೆ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಸಿನಿಮಾ ಪುಟದಲ್ಲೋ ಭಾನುವಾರದ ಪುರವಣಿಯಲ್ಲೋ ತಿಂಗಳಿಗೆ ಒಂದು ಸಲ ಆದ್ರೂ ಒಂದು ಆನಿಮೇಶನ್ ಕೆಲಸದ ಬಗ್ಗೆ ಪೂರ್ತಿ ವಿಮರ್ಶೆ ಹಾಕಿ, ಸ್ಟಾರ್ ಬೇಡ, ಬರಹ ಬೇಕು. ಬರೆಸ್ಲಿಕ್ಕೆ ಜನ ಎಲ್ಲಿ ಅಂತ ಕೇಳಿದ್ರೆ ಯಕ್ಷಗಾನ ವಿಮರ್ಶೆ ಬರೆಯುವವರನ್ನೇ ಕೇಳಿ ನೋಡಿ, ಪಾತ್ರ ಅಂದ್ರೆ ಎಂತ ಅಂತ ಅವರಿಗೆ ಗೊತ್ತಿದ್ದಷ್ಟು ಸಿನಿಮಾದವರಿಗೆ ಗೊತ್ತಿಲ್ಲ. ಕೋರ್ಸಿನ ಮಕ್ಕಳನ್ನೂ ಕೇಳಿ, ಚಿತ್ರದ ವಿಷಯ ಅವರು ಹೇಳ್ತಾರೆ. ಮೊದಲನೇದಕ್ಕೆ ಯಾರೂ ಸಿಗದಿದ್ರೆ ಹಾರ್ಲಿಯ ಎಪಿಸೋಡ್ ಬಗ್ಗೆ ನಾನು ಬರೆದು ಕಳಿಸ್ತೇನೆ, ಸಂಭಾವನೆ ಬೇಡ, ಅಚ್ಚು ತಪ್ಪಿಲ್ಲದೆ ಟೈಪ್ ಮಾಡಿಯೇ ಕೊಡ್ತೇನೆ.

ಇತಿ ನಿಮ್ಮ ಓದುಗ,
ಸಂತೆಕಟ್ಟೆ, ಉಡುಪಿ